ಒಳಗೆ 40 ಹಲ್ಲು, ಹೊರಗೆ 44

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂದಿನ ಆ್ಯಕ್ಸಲ್ ಬದಲಿಸಿ ಜ್ಯಾಕ್ ಇಳಿಸಿದ್ದೀರಿ ಎಂದುಕೊಳ್ಳಿ. ಕಾರಿನ ಹಿಂಭಾಗ ಮೊದಲಿಗಿಂತ ಎರಡು ಬೆರಳು ಮೇಲೆ ನಿಂತಿದೆ. ಸಾಲದ್ದಕ್ಕೆ ಎಡಕ್ಕಿಂತ ಬಲಗಡೆ ಇನ್ನಷ್ಟು ಎತ್ತರ. ಇಂಥ ಹೊತ್ತಿನಲ್ಲಿ ಹಲವರ ಕಣ್ಣು ಮೊದಲು ಹೋಗುವುದು ಶಾಕ್ ಅಬ್ಸಾರ್ಬರ್ ಮೇಲೆ. ಆದರೆ ಅದು ಕಾರಿನ ಕುಣಿತ ತಡೆಯುವ ಸಾಧನವೇ ಹೊರತು ಭಾರ ಹೊರುವುದಲ್ಲ. ಬೀಟಲ್‌ನ ಹಿಂಭಾಗದ ಭಾರ ಹೊರುವುದು ತಳದಲ್ಲಿ ಅಡ್ಡಲಾಗಿ ಕೂತ ಕೊಳವೆಯೊಳಗಿನ ಎರಡು ಉಕ್ಕಿನ ಸರಳುಗಳು, ಎಂದರೆ ಟಾರ್ಷನ್ ಬಾರ್‌ಗಳು. ಫರ್ಡಿನಾಂಡ್ ಪೋರ್ಷೆ 1931ರಲ್ಲಿ ಪೇಟೆಂಟ್‌ಗೆ ಸಲ್ಲಿಸಿದ ಉಪಾಯ ಇದು.

ಸರಳಿನ ಒಳತುದಿ ಕೊಳವೆಯ ನಡುವೆ ಅಲುಗಾಡದಂತೆ ಕಚ್ಚಿಕೊಂಡಿದೆ. ಹೊರತುದಿಗೆ ಚಪ್ಪಟೆ ಉಕ್ಕಿನ ಪಟ್ಟಿಯೊಂದನ್ನು ಸಿಕ್ಕಿಸಲಾಗಿದೆ. ಆ ಪಟ್ಟಿ ಹಿಂದಕ್ಕೆ ಚಾಚಿ ಚಕ್ರದ ಭಾಗವನ್ನು ಹಿಡಿದಿರುತ್ತದೆ. ಚಕ್ರ ಮೇಲೆದ್ದರೆ ಪಟ್ಟಿ ತಿರುಗುತ್ತದೆ, ಸರಳು ತಿರುಚಿಕೊಳ್ಳುತ್ತದೆ. ಒದ್ದೆ ಪಂಚೆ ಹಿಂಡುವಾಗ ಅದು ಕೈಗೆ ಎದುರು ಕೊಡುತ್ತದಲ್ಲ, ಹಾಗೆ ಸರಳೂ ಎದುರು ಕೊಡುತ್ತದೆ. ಪಂಚೆ ಮುದುಡಿಯೇ ಉಳಿದೀತು, ಉಕ್ಕು ಮಾತ್ರ ಬಿಟ್ಟೊಡನೆ ಮೊದಲಿನಂತಾಗುತ್ತದೆ.

ಆ್ಯಕ್ಸಲ್ ಬದಲಾದರೆ ಎತ್ತರ ಏಕೆ ಬದಲಾಗಬೇಕು? ಹಳೆಯ ಬೀಟಲ್‌ಗಳಲ್ಲಿ ಇದ್ದದ್ದು ಸ್ವಿಂಗ್ ಆ್ಯಕ್ಸಲ್. ಅದು ಗೇರ್‌ಬಾಕ್ಸ್ ಪಕ್ಕದಲ್ಲಿ ಮಾತ್ರ ಮಡಚುತ್ತದೆ. ಹಾಗಾಗಿ ಕಾರು ಎತ್ತರಕ್ಕೆ ನಿಂತರೆ ಹಿಂದಿನ ಚಕ್ರಗಳ ಬುಡ ಒಳಕ್ಕೆ ಸೇರಿಕೊಳ್ಳುತ್ತದೆ, ಜೋರಾದ ತಿರುವಿನಲ್ಲಿ ಇದು ನಿಜವಾದ ಅಪಾಯ. 1969ರ ಮಾದರಿಯಿಂದ ಅಮೆರಿಕದಲ್ಲಿ ಮಾರಾಟವಾದ ಬೀಟಲ್‌ಗಳಿಗೆ ಬಂದದ್ದು ಐಆರ್‌ಎಸ್, ಎಂದರೆ ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್. ಪ್ರತಿ ಚಕ್ರದ ದಂಡಕ್ಕೂ ಎರಡೆರಡು ಕೀಲು ಇರುವುದರಿಂದ ಚಕ್ರ ಅಷ್ಟು ವಾಲುವುದಿಲ್ಲ. ಅದಕ್ಕೇ ಹಳೆಯ ಬೀಟಲ್ ಇಟ್ಟುಕೊಂಡವರು ಇಂದಿಗೂ ಈ ಬದಲಾವಣೆಗೆ ಕೈಹಾಕುತ್ತಾರೆ. ಆದರೆ ಹೊಸ ಭಾಗಗಳೊಂದಿಗೆ ಪಟ್ಟಿಯ ಆಕಾರ ಬೇರೆಯಾಗುತ್ತದೆ, ಕೆಲವೊಮ್ಮೆ ಸರಳಿನ ದಪ್ಪವೂ. ದಪ್ಪವನ್ನು ಹಗುರವಾಗಿ ಎಣಿಸುವಂತಿಲ್ಲ. ಸರಳಿನ ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. 22 ಮಿ.ಮೀ. ಇದ್ದಲ್ಲಿ ಅಷ್ಟೇ ಉದ್ದದ 21 ಮಿ.ಮೀ. ಸರಳು ಹಾಕಿದರೆ ಬಿಗುವು ಸುಮಾರು ಶೇಕಡಾ 17ರಷ್ಟು ಇಳಿಯುತ್ತದೆ, ಕಾರು ಇನ್ನಷ್ಟು ಕುಸಿಯುತ್ತದೆ.

ಸರಿಪಡಿಸಬೇಕಾದದ್ದು ಪಟ್ಟಿ ಕೂತಿರುವ ಕೋನವನ್ನು. ಭಾರವಿಲ್ಲದಾಗ ಅದು ಹೆಚ್ಚು ಕೆಳಗೆ ಬಾಗಿದ್ದರೆ ಕಾರು ಎತ್ತರ, ಕಡಿಮೆ ಬಾಗಿದ್ದರೆ ತಗ್ಗು. ಸರಳಿನ ಎರಡೂ ತುದಿಗಳಲ್ಲಿ ಸ್ಪ್ಲೈನ್ ಎಂಬ ಹಲ್ಲುಗಳಿವೆ. ಹೊರಗಿನ 44ರಲ್ಲಿ ಒಂದು ಹಲ್ಲು ಸರಿಸಿದರೆ ಕೋನ 8.18 ಡಿಗ್ರಿ ಬದಲಾಗುತ್ತದೆ. ಪಟ್ಟಿ 40 ಸೆಂ.ಮೀ. ಉದ್ದ ಎಂದಿಟ್ಟುಕೊಂಡರೆ ಚಕ್ರದ ಬಳಿ ಅದು ಸುಮಾರು 57 ಮಿ.ಮೀ. ಆಗುತ್ತದೆ. ಎರಡು ಬೆರಳು ಇಳಿಸಲು ಹೋಗಿ ಕಾರನ್ನು ನೆಲಕ್ಕೆ ಕೂರಿಸಿದಂತೆ! ಒಳಗಿನ 40ರಲ್ಲಿ ಒಂದು ಹಲ್ಲು ಎಂದರೆ 9 ಡಿಗ್ರಿ, ಅದು ಇನ್ನೂ ಒರಟು.

ಆದರೆ ಎರಡನ್ನೂ ಒಟ್ಟಿಗೆ ಬಳಸಿ ನೋಡಿ. ಒಳತುದಿಯನ್ನು ಒಂದು ಹಲ್ಲು ಮುಂದಕ್ಕೆ, ಹೊರತುದಿಯಲ್ಲಿ ಪಟ್ಟಿಯನ್ನು ಒಂದು ಹಲ್ಲು ಹಿಂದಕ್ಕೆ. ಉಳಿಯುವುದು 9 ಕಳೆ 8.18, ಅಂದರೆ 0.82 ಡಿಗ್ರಿ. ಚಕ್ರದ ಬಳಿ ಆರು ಮಿ.ಮೀ.ಗೂ ತುಸು ಕಡಿಮೆ! ಎರಡೂ ತುದಿಗೆ 40 ಹಲ್ಲೇ ಇದ್ದಿದ್ದರೆ ಸಿಗುತ್ತಿದ್ದದ್ದು 40 ಸ್ಥಾನ. 40 ಮತ್ತು 44ರ ಲಸಾಅ 440, ಹಾಗಾಗಿ ಇಲ್ಲಿ ಪಟ್ಟಿಗೆ 440 ಬೇರೆ ಬೇರೆ ಸ್ಥಾನಗಳಿವೆ. ಪಿಯುಸಿ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದವರಿಗೆ ಇದು ಹೊಸದಲ್ಲ. ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ವಿವರಿಸಿದ ತತ್ತ್ವವೇ ಇದು: ತುಸುವೇ ಬೇರೆಯಾದ ಎರಡು ಅಳತೆಗಳನ್ನು ಜೊತೆಗಿಟ್ಟರೆ, ಎರಡಕ್ಕೂ ನಿಲುಕದ ಸೂಕ್ಷ್ಮ ಅವುಗಳ ವ್ಯತ್ಯಾಸದಲ್ಲಿ ಸಿಗುತ್ತದೆ. ಒಂದೇ ಒಂದು ತಿರುಪೂ ಇಲ್ಲದೆ, ಬರೀ ಎಣಿಕೆಯಿಂದ ಇಷ್ಟು ನಯವಾದ ಹೊಂದಾಣಿಕೆ ಸಾಧಿಸಿದ್ದನ್ನು ನೆನೆದಾಗಲೆಲ್ಲ ನನಗೆ ಹಿಗ್ಗಾಗುತ್ತದೆ.

ಕೆಲಸ ಮಾತ್ರ ಎಚ್ಚರದ್ದು. ಚಕ್ರ ನೇತಾಡುವಾಗಲೂ ಪಟ್ಟಿ ತಿರುಚಿದ ಬಲದಲ್ಲೇ ತಡೆಗಟ್ಟಿನ ಮೇಲೆ ಒತ್ತಿ ಕೂತಿರುತ್ತದೆ. ಅಲ್ಲಿಂದ ಜಾರಿದರೆ ರಪ್ಪನೆ ಕೆಳಗೆ ಹೊಡೆಯುತ್ತದೆ, ಬೆರಳು, ಮೊಣಕೈ ಏನನ್ನೂ ಉಳಿಸದು. ಜ್ಯಾಕ್ ಮತ್ತು ಸರಪಳಿಯಿಂದ ಹಿಡಿದೇ ಇಳಿಸಬೇಕು. ಸರಳಿನ ಮೇಲ್ಮೈಗೆ ಗೀರು ಬೀಳಕೂಡದು. ತಿರುಚುವ ಒತ್ತಡ ಅತಿ ಹೆಚ್ಚಿರುವುದು ಹೊರಮೈಯಲ್ಲೇ, ಬಿರುಕು ಹುಟ್ಟುವುದೂ ಅಲ್ಲೇ. ಎಡ ಬಲ ಸರಳುಗಳನ್ನು ಅದಲು ಬದಲು ಮಾಡುವಂತೆಯೂ ಇಲ್ಲ. ಕಾರ್ಖಾನೆಯಲ್ಲೇ ಒಂದೊಂದನ್ನು ಒಂದೊಂದು ದಿಕ್ಕಿಗೆ ತಿರುಚಿ ಪಳಗಿಸಿರುತ್ತಾರೆ.

ಪಟ್ಟಿಯ ಕೋನ ಅಳೆಯಲು ಕೋನಮಾಪಕ ಇಡುವ ಮೊದಲು ಕಾರಿನ ತಳ ಎಷ್ಟು ವಾಲಿದೆ ಎಂದು ನೋಡಿ ಲೆಕ್ಕದಲ್ಲಿ ಸೇರಿಸಬೇಕು. ಎಲ್ಲ ಬಿಗಿದು ಜ್ಯಾಕ್ ಇಳಿಸಿದೊಡನೆ ಅಳತೆ ಪಟ್ಟಿ ಹಿಡಿಯಬೇಡಿ. ನೇತಾಡಿದ ಚಕ್ರಗಳು ನೆಲಕ್ಕೆ ತಾಗಿದಾಗ ಸಹಜ ಸ್ಥಾನಕ್ಕೆ ಬರದೆ ಟೈರ್ ರಬ್ಬರಿನ ಹಿಡಿತದಲ್ಲಿ ನಿಂತಿರುತ್ತವೆ. ಟೈರ್‌ಗಳ ಗಾಳಿ ಸರಿಮಾಡಿ, ಕಾರನ್ನು ಹತ್ತಾರು ಅಡಿ ಹಿಂದೆ ಮುಂದೆ ಉರುಳಿಸಿ, ಹಿಂದಿನ ಬಂಪರ್ ನಾಲ್ಕು ಸಲ ಒತ್ತಿ ಬಿಡಿ. ಎಡಕ್ಕೂ ಬಲಕ್ಕೂ ಆರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಆಮೇಲೂ ಉಳಿದಿದ್ದರೆ ಇನ್ನೊಮ್ಮೆ ಬಿಚ್ಚಿ: ಒಳಗೆ ಒಂದು ಹಲ್ಲು, ಹೊರಗೆ ಒಂದು ಹಲ್ಲು.