ಹುಟ್ಟಿನಿಂದಲೋ, ದೀಕ್ಷೆಯಿಂದಲೋ?

ಧರ್ಮ, ಮತ, ಜಾತಿ, ಕುಲ, ಜನಾಂಗ—ಈ ಐದು ಶಬ್ದಗಳನ್ನು ನಾವು ನಿತ್ಯದ ಮಾತಿನಲ್ಲಿ ಒಂದರ ಬದಲಿಗೆ ಇನ್ನೊಂದನ್ನು ಸಲೀಸಾಗಿ ಬಳಸುತ್ತೇವೆ. ಬಸವಕಲ್ಯಾಣದ ಸಂತೆಯಲ್ಲಾಗಲಿ, ಹುಮನಾಬಾದಿನ ಬಸ್ ನಿಲ್ದಾಣದಲ್ಲಾಗಲಿ ಹೊಸಬನೊಬ್ಬನು ಮಾತಿಗೆ ಸಿಕ್ಕರೆ, ಊರು ಯಾವುದು, ಹೆಸರೇನು ಎಂದು ವಿಚಾರಿಸಿದ ಬಳಿಕ ಹಿರಿಯರು ಮೆಲ್ಲಗೆ “ನೀವು ಯಾರ ಪೈಕಿ?” ಎಂದು ಕೇಳುವುದುಂಟು. ಕೇಳಿದ್ದು ಧರ್ಮವನ್ನೋ, ಜಾತಿಯನ್ನೋ, ಮನೆತನವನ್ನೋ ಎಂಬುದನ್ನು ಕೇಳಿದವರೂ ಯೋಚಿಸಿರುವುದಿಲ್ಲ, ಹೇಳುವವನೂ ಯೋಚಿಸುವುದಿಲ್ಲ. ಆದರೂ ಉತ್ತರ ಮಾತ್ರ ಇಬ್ಬರಿಗೂ ಅರ್ಥವಾಗಿಬಿಡುತ್ತದೆ! ಆದರೆ ‘ಲಿಂಗಾಯತ’ ಎಂಬ ಉತ್ತರ ಬಂದಾಗ ಅದು ಈ ಐದರಲ್ಲಿ ಯಾವುದಕ್ಕೆ ಸೇರಿದ್ದು ಎಂದು ಯಾರಾದರೂ ತಿರುಗಿ ಕೇಳಿದರೆ, ನಮ್ಮಲ್ಲಿ ಎಂತಹ ಪಂಡಿತರಾದರೂ ಒಂದು ಗಳಿಗೆ ತಡೆಯಬೇಕಾಗುತ್ತದೆ. ಲಿಂಗಾಯತವು ಧರ್ಮವೋ, ಜಾತಿಯೋ, ರಕ್ತಸಂಬಂಧದ ಕುಲವೋ? ಈ ಲೇಖನದ ವಿಷಯ ಇಷ್ಟೇ.

ಈ ಪ್ರಶ್ನೆಯನ್ನು ಕಲ್ಯಾಣದ ನೆಲದ ಮೇಲೆ ನಿಂತು ಕೇಳುವುದರಲ್ಲಿ ಒಂದು ವಿಶೇಷ ಔಚಿತ್ಯವಿದೆ. ಏಕೆಂದರೆ ಮನುಷ್ಯನು ಒಂದು ಬಳಗಕ್ಕೆ ಸೇರುವುದು ಹೇಗೆ ಎಂಬುದಕ್ಕೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳು ಇದೇ ಊರಿನಲ್ಲಿ, ಸುಮಾರು ನೂರು ವರ್ಷಗಳ ಅವಧಿಯೊಳಗೆ ಹುಟ್ಟಿದವು. ಮೊದಲನೆಯದು ವಿಜ್ಞಾನೇಶ್ವರನದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಆತನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳವೊಂದನ್ನು ಮುಖ್ಯವಾಗಿ ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಹಂಚಿಕೆಗೆ ಅದೇ ಆಧಾರವಾಯಿತು. ಅದರಲ್ಲಿ ‘ಸಪಿಂಡ’ ಎಂಬ ಶಬ್ದಕ್ಕೆ ಆತನು ಕೊಟ್ಟ ಅರ್ಥ ಗಮನಾರ್ಹವಾದುದು. ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆಯಲ್ಲ, ಶರೀರ. ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು ಎಂದು ಆತನ ಮತ. ಅಂದರೆ ಸಂಬಂಧವು ಕರ್ಮದಿಂದಲ್ಲ, ರಕ್ತದಿಂದ. ಮಗನಿಗೆ ತಂದೆಯ ಪಿತ್ರಾರ್ಜಿತದಲ್ಲಿ ಹುಟ್ಟಿದ ಕ್ಷಣವೇ ಹಕ್ಕು ಬರುತ್ತದೆ ಎಂಬ ತತ್ವವೂ ಅವನದೇ. ೨೦೦೫ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂದಾಗ ತಿದ್ದಲ್ಪಟ್ಟದ್ದು ಈ ಕಲ್ಯಾಣದ ಪಂಡಿತನು ಹಾಕಿಕೊಟ್ಟ ಕಟ್ಟಳೆಯೇ ಎಂಬುದನ್ನು ನಮ್ಮಲ್ಲಿ ಅನೇಕರು ನೆನೆಯುವುದಿಲ್ಲ.

ಎರಡನೆಯ ಉತ್ತರವು ಶರಣರದು. ವಿಕ್ರಮಾದಿತ್ಯನು ತೀರಿಕೊಂಡು ಅರ್ಧ ಶತಮಾನ ಕಳೆಯುವುದರೊಳಗೆ, ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ, ಭಂಡಾರಿ ಬಸವಣ್ಣನವರ ಸುತ್ತ ನೆರೆದ ಜನರು ಹುಟ್ಟನ್ನು ಕೇಳಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ—ಈ ಹೆಸರುಗಳಲ್ಲಿ ಕಸುಬು ಉಳಿದಿದೆ, ಆದರೆ ಕಸುಬಿನ ಮೇಲುಕೀಳು ಉಳಿದಿರಲಿಲ್ಲ. ಅವರನ್ನು ಒಂದುಗೂಡಿಸಿದ್ದು ದೀಕ್ಷೆ. ಗುರುವು ಅಂಗೈಯಲ್ಲಿಟ್ಟ ಇಷ್ಟಲಿಂಗವನ್ನು ಕೊರಳಲ್ಲಿ ಧರಿಸಿದವನು ಭಕ್ತ. ಅವನ ಪೂರ್ವಾಶ್ರಯದ ಜಾತಿಯನ್ನು ಎತ್ತುವುದೇ ತಪ್ಪು. ಈ ಮಾತು ಬರಿಯ ಉಪದೇಶವಾಗಿರಲಿಲ್ಲ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದರೆಂದೂ, ಅದಕ್ಕಾಗಿ ಇಬ್ಬರು ತಂದೆಯರೂ ಘೋರ ಶಿಕ್ಷೆಗೆ ಗುರಿಯಾದರೆಂದೂ, ಸುಮಾರು ೧೧೬೭ರಲ್ಲಿ ಬಿಜ್ಜಳನ ಕೊಲೆಯಾಗಿ ಶರಣರು ಉಳವಿಯ ಕಡೆಗೂ ಇತರ ದಿಕ್ಕುಗಳಿಗೂ ಚದುರಿದರೆಂದೂ ಪರಂಪರೆ ಹೇಳುತ್ತದೆ. ಇದರ ವಿವರಗಳನ್ನು ಕುರಿತು ಇತಿಹಾಸಕಾರರು ವಾದಿಸಲಿ. ನಮಗೆ ಮುಖ್ಯವಾದುದು, ಕಲ್ಯಾಣದ ನೆನಪಿನಲ್ಲಿ ಧರ್ಮದ ಪರೀಕ್ಷೆ ನಡೆದದ್ದು ಮದುವೆಯ ಹಂದರದಲ್ಲಿ ಎಂಬುದು. ಹುಟ್ಟು ದೊಡ್ಡದೋ ದೀಕ್ಷೆ ದೊಡ್ಡದೋ ಎಂಬುದು ತಿಳಿಯುವ ಸ್ಥಳ ಅದೊಂದೇ.

ಹಾಗಾದರೆ ಆಮೇಲೆ ಏನಾಯಿತು? ಭಕ್ತನಾದವನಿಗೆ ಮಕ್ಕಳಾದವು. ಈ ಸಾದಾ ಸಂಗತಿಯಲ್ಲಿಯೇ ಎಲ್ಲ ತೊಡಕೂ ಅಡಗಿದೆ. ತಾನು ಆರಿಸಿಕೊಂಡ ಮಾರ್ಗ ತನ್ನ ಮಕ್ಕಳಿಗೂ ದೊರೆಯಲಿ ಎಂದು ಯಾವ ತಂದೆತಾಯಿಗಳು ಬಯಸುವುದಿಲ್ಲ? ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ, ಹೊಟ್ಟೆಯಲ್ಲಿರುವ ಶಿಶುವಿನ ಸಲುವಾಗಿಯೇ ಲಿಂಗಧಾರಣೆ ಮಾಡುವ ಪದ್ಧತಿ ಬಂದಿತು. ಹುಟ್ಟಿದ ಕೂಸಿಗೆ ವಿಭೂತಿ ಹಚ್ಚಿ ಲಿಂಗ ಕಟ್ಟುವುದು ಮನೆಮನೆಯ ಆಚಾರವಾಯಿತು. ದೀಕ್ಷೆಯು ಹುಟ್ಟನ್ನು ಅಳಿಸಲು ಬಂದುದು. ಕಾಲಕ್ರಮದಲ್ಲಿ ಹುಟ್ಟಿಗೆ ಮುಂಚೆಯೇ ಬಂದು ಹುಟ್ಟಿನೊಡನೆ ಬೆರೆತುಹೋಯಿತು. ಜಂಗಮವೆಂದರೆ ಮೊದಲು ಒಂದು ನಿಲುವು, ಒಂದೆಡೆ ನಿಲ್ಲದೆ ಸಂಚರಿಸುವ ಜ್ಞಾನಿಯ ಸ್ಥಿತಿ. ಈಗ ಅದೊಂದು ಮನೆತನ, ಆ ಮನೆತನದ ಗಂಡುಮಕ್ಕಳಿಗೆ ‘ಅಯ್ಯಾಚಾರ’ ಎಂಬ ಬೇರೆಯೇ ಸಂಸ್ಕಾರವಿದೆ. ಬಣಜಿಗ, ಪಂಚಮಸಾಲಿ, ಗಾಣಿಗ, ಸಾದರ, ನೊಣಬ, ಹಡಪದ ಎಂದು ಒಳಪಂಗಡಗಳು ಎಷ್ಟೋ. ಇವರೆಲ್ಲ ಒಂದೇ ಮಠದ ಪ್ರಸಾದದ ಪಂಕ್ತಿಯಲ್ಲಿ ಕೂಡಬಲ್ಲರು. ಆದರೆ ಪತ್ರಿಕೆಯ ‘ವಧುವರರು ಬೇಕಾಗಿದ್ದಾರೆ’ ಪುಟವನ್ನು ಒಮ್ಮೆ ತೆರೆದು ನೋಡಿರಿ! ಅಲ್ಲಿ ಬಸವಣ್ಣನವರಿಗಿಂತ ವಿಜ್ಞಾನೇಶ್ವರನೇ ಹೆಚ್ಚು ಬಲಶಾಲಿಯಾಗಿ ಕಾಣುತ್ತಾನೆ.

ಇದನ್ನು ಓದಿ, ಇದು ನಮ್ಮವರ ವಿಶೇಷ ದೋಷವೆಂದು ಯಾರೂ ತಿಳಿಯಬಾರದು. ಇದೇ ಗಂಟನ್ನು ನಮಗಿಂತ ಬಹಳ ಮುಂಚೆಯಿಂದಲೂ ಬಿಡಿಸಲು ಹೆಣಗುತ್ತಿರುವ ಇನ್ನೊಂದು ಸಮುದಾಯವುಂಟು, ಅದು ಯೆಹೂದ್ಯರದು. ಅವರ ಧರ್ಮಶಾಸ್ತ್ರದ ಪ್ರಕಾರ ಯೆಹೂದ್ಯ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು ಯೆಹೂದ್ಯನು. ವಿಧಿಪೂರ್ವಕವಾಗಿ ಆ ಧರ್ಮವನ್ನು ಸ್ವೀಕರಿಸಿದವನೂ ಯೆಹೂದ್ಯನೇ. ಒಂದು ಬಾಗಿಲು ರಕ್ತದ್ದು, ಇನ್ನೊಂದು ನಂಬಿಕೆಯದು. ಎರಡೂ ಬಾಗಿಲುಗಳು ತೆರೆದಿರುವ ಮನೆಗೆ ಹೆಸರೇನಿಡುವುದು? ಇಸ್ರೇಲ್ ದೇಶವು ೧೯೫೦ರಲ್ಲಿ ಲೋಕದ ಪ್ರತಿಯೊಬ್ಬ ಯೆಹೂದ್ಯನಿಗೂ ಅಲ್ಲಿ ಬಂದು ನೆಲಸುವ ಹಕ್ಕನ್ನು ಕೊಟ್ಟಿತು. ಯೆಹೂದ್ಯನೆಂದರೆ ಯಾರೆಂಬುದನ್ನು ಮಾತ್ರ ಹೇಳಲಿಲ್ಲ. ಪೋಲೆಂಡಿನ ಯೆಹೂದ್ಯ ಮನೆಯಲ್ಲಿ ಹುಟ್ಟಿ, ಮಹಾಯುದ್ಧದಲ್ಲಿ ಅನೇಕ ಯೆಹೂದ್ಯರ ಜೀವವುಳಿಸಿ, ಬಳಿಕ ಕ್ರೈಸ್ತ ಸನ್ಯಾಸಿಯಾದ ಒಸ್ವಾಲ್ಡ್ ರುಫೈಸನ್ ಎಂಬಾತನು ತಾನು ಧರ್ಮದಿಂದ ಕ್ರೈಸ್ತ, ಜನಾಂಗದಿಂದ ಯೆಹೂದ್ಯ ಎಂದು ಹೇಳಿ ಆ ಹಕ್ಕನ್ನು ಬೇಡಿದನು. ಶಾಸ್ತ್ರವನ್ನು ನೋಡಿದರೆ ಅವನ ಹುಟ್ಟು ಅಳಿಯತಕ್ಕದ್ದಲ್ಲ. ಆದರೂ ೧೯೬೨ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಅನ್ಯಧರ್ಮವನ್ನು ಸೇರಿದವನನ್ನು ಜನರು ವಾಡಿಕೆಯಲ್ಲಿ ಯೆಹೂದ್ಯನೆಂದು ಕರೆಯುವುದಿಲ್ಲವೆಂಬ ಕಾರಣದಿಂದ ಅವನ ಬೇಡಿಕೆಯನ್ನು ತಳ್ಳಿಹಾಕಿತು. ೧೯೭೦ರ ತಿದ್ದುಪಡಿ ಇದನ್ನೇ ಕಾನೂನಾಗಿಸಿತು: ತಾಯಿ ಯೆಹೂದ್ಯಳಾಗಿರಬೇಕು ಅಥವಾ ಧರ್ಮವನ್ನು ಸ್ವೀಕರಿಸಿರಬೇಕು, ಮೇಲಾಗಿ ಬೇರೆ ಧರ್ಮಕ್ಕೆ ಸೇರಿರಬಾರದು. ವಿಚಿತ್ರವೆಂದರೆ, ಅದೇ ತಿದ್ದುಪಡಿಯು ಯೆಹೂದ್ಯನ ಮಕ್ಕಳಿಗೂ ಮೊಮ್ಮಕ್ಕಳಿಗೂ, ಅವರು ಸ್ವತಃ ಯೆಹೂದ್ಯರಲ್ಲದಿದ್ದರೂ, ನೆಲಸುವ ಹಕ್ಕನ್ನು ಕೊಟ್ಟಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಕೊಂಕಣದ ಬೆನೆ ಇಸ್ರೇಲರದು. ಹಡಗೊಡೆದು ನವಗಾಂವದ ಬಳಿ ದಡ ಸೇರಿದ ಏಳು ಜೋಡಿ ಗಂಡಹೆಂಡಿರ ಸಂತತಿ ತಾವೆಂದು ಅವರ ಐತಿಹ್ಯ. ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಅಂದರೆ ಹಳ್ಳಿಯ ಕಣ್ಣಿಗೆ ಒಂದು ಧರ್ಮವು ಒಂದು ಜಾತಿಯಾಗಿ, ಅದರ ಸಬ್ಬತ್ ದಿನವು ಆ ಜಾತಿಯ ಲಕ್ಷಣವಾಗಿ ಕಂಡಿತು. ಅವರೊಳಗೂ ‘ಗೋರಾ’, ‘ಕಾಳಾ’ ಎಂಬ ಎರಡು ಪಂಗಡಗಳಾಗಿ, ಒಬ್ಬರಿಗೊಬ್ಬರು ಹೆಣ್ಣು ಕೊಡುತ್ತಿರಲಿಲ್ಲ. ಇವರು ಇಸ್ರೇಲಿಗೆ ಹೋದ ಮೇಲೆ, ಅಲ್ಲಿಯ ಧರ್ಮಾಧಿಕಾರಿಗಳು ಮದುವೆಯ ಕಾಲಕ್ಕೆ ಇವರ ಪೂರ್ವಜರ ವಿಚಾರಣೆಯಾಗಬೇಕೆಂದರು. ಇವರು ಚಳುವಳಿ ಹೂಡಿದರು. ೧೯೬೪ರಲ್ಲಿ ಆ ದೇಶದ ಸಂಸತ್ತು ಬೆನೆ ಇಸ್ರೇಲರು ಎಲ್ಲ ವಿಧದಲ್ಲಿಯೂ ಯೆಹೂದ್ಯರೇ ಎಂದು ಸಾರಬೇಕಾಯಿತು. ಅಲ್ಲಿಯೂ ಪ್ರಶ್ನೆ ಎದ್ದದ್ದು ಪ್ರಾರ್ಥನಾಮಂದಿರದಲ್ಲಿ ಅಲ್ಲ, ಮದುವೆಯಲ್ಲಿ.

ಮೂಲವಂಶ, ರಕ್ತಶುದ್ಧಿ ಎಂಬ ವಾದವನ್ನು ಕುರಿತು ಎರಡು ಮಾತು ಸಾಕು. ಹಿಟ್ಲರನ ಜರ್ಮನಿ ೧೯೩೫ರಲ್ಲಿ ಯೆಹೂದ್ಯರನ್ನು ರಕ್ತದಿಂದ ಗುರುತಿಸುವ ಕಾನೂನನ್ನು ಮಾಡಿತು. ರಕ್ತದಲ್ಲಿ ಯಾವ ಗುರುತೂ ಸಿಗದೆ, ಅಜ್ಜಅಜ್ಜಿಯರು ಯಾವ ಧಾರ್ಮಿಕ ಸಮುದಾಯಕ್ಕೆ ಸೇರಿದ್ದರು ಎಂಬ ದಾಖಲೆಗಳನ್ನೇ ಹುಡುಕಬೇಕಾಯಿತು! ಲಿಂಗಾಯತರ ಮಟ್ಟಿಗಂತೂ, ಸಮಗಾರನಿಂದ ಬ್ರಾಹ್ಮಣನವರೆಗೆ ಎಲ್ಲರೂ ಬಂದು ಸೇರಿದ ಬಳಗಕ್ಕೆ ಒಂದೇ ಮೂಲವಂಶವನ್ನು ಕಲ್ಪಿಸುವುದು ಹಾಸ್ಯಾಸ್ಪದ.

ಇನ್ನು ನಮ್ಮ ಸರಕಾರಗಳ ಮಾತು. ೧೯೫೫ರ ಹಿಂದೂ ವಿವಾಹ ಅಧಿನಿಯಮವು ತಾನು ಯಾರಿಗೆ ಅನ್ವಯಿಸುತ್ತೇನೆಂದು ಹೇಳುವಾಗ, ಹಿಂದೂ ಧರ್ಮದ ರೂಪ ಅಥವಾ ಬೆಳವಣಿಗೆಗಳಲ್ಲಿ ವೀರಶೈವ, ಲಿಂಗಾಯತ ಎಂಬ ಎರಡು ಹೆಸರುಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಬೌದ್ಧ, ಜೈನ, ಸಿಖ್ಖರನ್ನು ಪ್ರತ್ಯೇಕ ಧರ್ಮದವರೆಂದು ಹೇಳಿಯೂ ತನ್ನ ವ್ಯಾಪ್ತಿಗೆ ಸೇರಿಸಿಕೊಳ್ಳುತ್ತದೆ. ಮುಸಲ್ಮಾನ, ಕ್ರೈಸ್ತ, ಪಾರ್ಸಿ, ಯೆಹೂದ್ಯರನ್ನು ಹೊರಗಿಡುತ್ತದೆ. ಅಂದಮೇಲೆ ಒಂದು ಕಾನೂನಿಗೆ ಒಳಪಟ್ಟ ಮಾತ್ರದಿಂದ ಧರ್ಮ ಯಾವುದೆಂಬುದು ತೀರ್ಮಾನವಾಗುವುದಿಲ್ಲ, ಜೈನರೇ ಸಾಕ್ಷಿ. ೧೯೦೪ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಸ್ಥಾಪಿತವಾದ ಅಖಿಲ ಭಾರತ ವೀರಶೈವ ಮಹಾಸಭೆಯು ವೀರಶೈವ, ಲಿಂಗಾಯತ ಎರಡೂ ಒಂದೇ ಎನ್ನುತ್ತದೆ. ವೀರಶೈವವು ಬಸವಣ್ಣನವರಿಗಿಂತ ಪ್ರಾಚೀನವಾದುದೆಂದು ಪಂಚಪೀಠಗಳ ಪಕ್ಷ. ಬಸವಣ್ಣನವರೇ ಸ್ಥಾಪಿಸಿದ ಸ್ವತಂತ್ರ ಧರ್ಮವೆಂದು ಇನ್ನೊಂದು ಪಕ್ಷ. ಈ ಎರಡನೆಯ ಪಕ್ಷದ ದೊಡ್ಡ ಸಮಾವೇಶವೊಂದು ೨೦೧೭ರ ಜುಲೈಯಲ್ಲಿ ನಮ್ಮ ಬೀದರಿನಲ್ಲಿಯೇ ನಡೆಯಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿಯ ಮೇಲೆ ೨೦೧೮ರ ಮಾರ್ಚಿಯಲ್ಲಿ ರಾಜ್ಯ ಸಚಿವ ಸಂಪುಟವು, ಲಿಂಗಾಯತರಿಗೂ ಬಸವತತ್ವವನ್ನು ನಂಬುವ ವೀರಶೈವ ಲಿಂಗಾಯತರಿಗೂ ಧಾರ್ಮಿಕ ಅಲ್ಪಸಂಖ್ಯಾತರ ಸ್ಥಾನ ಕೊಡಬೇಕೆಂದು ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರವು ಅದೇ ವರ್ಷದ ಕೊನೆಯಲ್ಲಿ ಒಪ್ಪಲಿಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಹಾಗೂ ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ, ಧರ್ಮದ ಕಾಲಮಿನಲ್ಲಿ ಏನು ಬರೆಸಬೇಕೆಂಬ ವಾದ ಮತ್ತೆ ಮನೆಬಾಗಿಲಿಗೆ ಬಂದಿತು.

ಇದರಲ್ಲಿ ವಿದ್ಯಾರ್ಥಿಗಳಿಗೆ ತಟ್ಟುವ ಅಂಶವೂ ಇದೆ. ಪ್ರತ್ಯೇಕ ಧರ್ಮವಾದರೆ ಸಂವಿಧಾನದ ೩೦ನೆಯ ಅನುಚ್ಛೇದದಂತೆ ವಿದ್ಯಾಸಂಸ್ಥೆಗಳನ್ನು ನಡೆಸುವ ವಿಶೇಷ ಹಕ್ಕು ಬರುತ್ತದೆ. ಆದರೆ ೧೯೫೦ರ ಪರಿಶಿಷ್ಟ ಜಾತಿಗಳ ಆದೇಶವು ಹಿಂದೂಗಳಿಗೆ, ೧೯೫೬ರಿಂದ ಸಿಖ್ಖರಿಗೆ, ೧೯೯೦ರಿಂದ ಬೌದ್ಧರಿಗೆ ಮಾತ್ರ ಅನ್ವಯಿಸುತ್ತದೆ. ಹಾಗಿರುವಾಗ ಆದೇಶವು ತಿದ್ದುಪಡಿಯಾಗದೆ ಧರ್ಮ ಬೇರೆಯಾದರೆ, ಕಕ್ಕಯ್ಯ ಚೆನ್ನಯ್ಯರ ಹಾದಿಯಲ್ಲಿ ಬಂದ ಪರಿಶಿಷ್ಟ ಕುಟುಂಬದ ಹುಡುಗನು ತನ್ನ ಧರ್ಮ ಲಿಂಗಾಯತವೆಂದು ಬರೆದ ದಿನವೇ ತನ್ನ ವಿದ್ಯಾರ್ಥಿವೇತನಕ್ಕೆ ಎರವಾಗಬಹುದು. ಯಾರ ಸಲುವಾಗಿ ಕಲ್ಯಾಣದಲ್ಲಿ ಬಾಗಿಲು ತೆರೆಯಿತೋ ಅವರೇ ಇಂದು ಆ ಬಾಗಿಲಲ್ಲಿ ಅಂಜಿ ನಿಲ್ಲಬೇಕಾದುದು ವಿಪರ್ಯಾಸವಲ್ಲವೇ? ಎರಡೂ ಪಕ್ಷದ ವೇದಿಕೆಗಳಲ್ಲಿ ಈ ಹುಡುಗನ ಮಾತು ಸಾಕಷ್ಟು ಕೇಳಿಬರುವುದಿಲ್ಲವೆಂಬುದು ನನ್ನ ಅಸಮಾಧಾನ.

ನನ್ನ ಅಭಿಪ್ರಾಯವನ್ನು ಕೇಳಿದರೆ ಹೀಗೆ ಹೇಳುತ್ತೇನೆ: ತತ್ವದಲ್ಲಿ ಲಿಂಗಾಯತವು ಧರ್ಮ. ಅದಕ್ಕೆ ತನ್ನದೇ ದೀಕ್ಷೆಯುಂಟು, ಅಷ್ಟಾವರಣ ಷಟ್‌ಸ್ಥಲಗಳುಂಟು, ಶವವನ್ನು ಸುಡದೆ ಹೂಳುವ ತನ್ನದೇ ಅಂತ್ಯವಿಧಿಯುಂಟು. ನಡೆಯಲ್ಲಿ ಅದು ಜಾತಿ, ಅಥವಾ ಹಲವು ಜಾತಿಗಳ ಕೂಟ. ಇವೆರಡೂ ಏಕಕಾಲಕ್ಕೆ ನಿಜ. ಯೆಹೂದ್ಯರಂತೆಯೇ ಲಿಂಗಾಯತರ ಮನೆಗೂ ಎರಡು ಬಾಗಿಲು. ಆದರೆ ಹೊರಗಿನಿಂದ ಬಂದು ದೀಕ್ಷೆ ಪಡೆದವನಿಗೆ ಒಳಗಿನವರು ಹೆಣ್ಣು ಕೊಡುವ ಕಾಲ ಬಾರದಿದ್ದರೆ, ದೀಕ್ಷೆಯ ಬಾಗಿಲು ತೆರೆದಿದೆಯೆಂದು ಹೇಗೆ ಹೇಳುವುದು? ದಿಲ್ಲಿಯ ಯಾವ ಕಾಗದವೂ ಇದನ್ನು ತೀರ್ಮಾನಿಸಲಾರದು.

ಈ ಗಡಿಯ ಗೊಡವೆಯೇ ಬೇಡವೆಂದ ಪ್ರಯತ್ನವೊಂದು ಕೂಗಳತೆಯ ಹುಮನಾಬಾದಿನಲ್ಲಿ ನಡೆದುದನ್ನು ಇಲ್ಲಿ ಹೇಳದಿದ್ದರೆ ವಿಷಯ ಅಪೂರ್ಣವಾದೀತು. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ೧೮೧೭ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ಹುಮನಾಬಾದಿನ ಬಳಿ ಮಾಣಿಕನಗರವನ್ನು ನೆಲೆಗೊಳಿಸಿ, ಎಲ್ಲ ಮತಗಳೂ ಸತ್ಯವೆನ್ನುವ ‘ಸಕಲಮತ ಸಂಪ್ರದಾಯ’ವನ್ನು ಬೋಧಿಸಿದರು. ಅವರನ್ನು ಹಲವರು ದತ್ತಾತ್ರೇಯನ ಅವತಾರವೆಂದರು, ಲಿಂಗಾಯತರು ಬಸವಣ್ಣನೆಂದರು, ಮುಸಲ್ಮಾನರು ಮಹಬೂಬ ಸುಭಾನಿಯೆಂದರು. ಅವರು ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಹಾಡುಗಳನ್ನು ಕಟ್ಟಿದರು. ಅಲ್ಲಿಗೆ ಹೋದವನು ಯಾವುದನ್ನೂ ಬಿಡಬೇಕಾಗಿರಲಿಲ್ಲ. ತನ್ನ ಮತದಲ್ಲಿದ್ದುಕೊಂಡೇ ಭಕ್ತನಾಗಬಹುದಾಗಿತ್ತು. ಶರಣರು ಹುಟ್ಟನ್ನು ಅಳಿಸಲೆತ್ನಿಸಿದರೆ, ಪ್ರಭುಗಳು ಅದನ್ನು ಇದ್ದಲ್ಲಿಯೇ ಬಿಟ್ಟು ಮೇಲೊಂದು ಚಪ್ಪರ ಹಾಕಿದರು ಎನ್ನಬಹುದು. ಚಪ್ಪರದ ಕೆಳಗೆ ರಕ್ತಪಾತವಾಗಲಿಲ್ಲ. ಬೇರೆಬೇರೆ ಮನೆಗಳ ನಡುವೆ ನೆಂಟಸ್ತನವೂ ಆಗಲಿಲ್ಲ. ದರ್ಬಾರಿನಲ್ಲಿ ಕೂಡಿದವರು ಮಕ್ಕಳ ಮದುವೆಯ ಹೊತ್ತಿಗೆ ತಮ್ಮ ತಮ್ಮ ಪೈಕಿಗೆ ಮರಳಿದರು. ಪ್ರಭುಗಳು ಬ್ರಹ್ಮಚಾರಿಗಳು. ೧೮೬೫ರಲ್ಲಿ ಅವರು ಸಮಾಧಿಸ್ಥರಾದ ಮೇಲೆ ಗಾದಿಯು ಅವರ ತಮ್ಮನ ಮಗ ಮನೋಹರ ಪ್ರಭುಗಳಿಗೆ ಸಂದಿತು. ಅಂದಿನಿಂದ ಅದು ಅದೇ ಮನೆತನದಲ್ಲಿ ನಡೆದುಬಂದಿದೆ.