ಕುಂಗ್‌ಫೂ ಚಿತ್ರಗಳ ಚರಿತ್ರೆಗೆ ಅಭಿಮಾನಿಗಳ ದುಡಿಮೆ

ಒಂದು ಚಿತ್ರಪ್ರಕಾರದ ಚರಿತ್ರೆಯನ್ನು ಸಾಮಾನ್ಯವಾಗಿ ನಿರ್ಮಾಣ ಸಂಸ್ಥೆಗಳ ಕಡತ, ವಿಮರ್ಶಕರ ಬರಹ ಹಾಗೂ ಸಂಗ್ರಹಾಲಯಗಳ ನೆರವಿನಿಂದ ಬರೆಯಲಾಗುತ್ತದೆ. ಹಾಂಗ್‌ಕಾಂಗ್‌ನ ಕುಂಗ್‌ಫೂ ಚಿತ್ರಗಳ ವಿಷಯದಲ್ಲಿ ಹೊರನಾಡುಗಳ ಆಸಕ್ತರಿಗೆ ಈ ಆಧಾರಗಳು ಬಹುಕಾಲ ಸುಲಭವಾಗಿ ಎಟುಕಲಿಲ್ಲವಾದ್ದರಿಂದ, ಮಾಹಿತಿಯನ್ನು ಕಲೆಹಾಕಿ, ಹೋಲಿಸಿ, ತಿದ್ದುವ ಕೆಲಸದ ದೊಡ್ಡ ಪಾಲು ಹಲವು ದೇಶಗಳಲ್ಲಿ ಚದುರಿದ್ದ ಅಭಿಮಾನಿಗಳ ಹೆಗಲೇರಿತು. ಅವರ ಈ ದುಡಿಮೆಯನ್ನು ಬರಿಯ ಹವ್ಯಾಸವೆಂದು ಬದಿಗಿರಿಸದೆ, ಚಿತ್ರಚರಿತ್ರೆಯ ರಚನೆಯ ಒಂದು ಅಂಗವೆಂದೇ ಪರಿಗಣಿಸಬೇಕು.

ಕಾಯುವವರಿಲ್ಲದ ಚಿತ್ರಗಳ ಗತಿ ಏನಾಗುತ್ತದೆ ಎಂಬುದಕ್ಕೆ ಈ ಪರಂಪರೆಯ ಆರಂಭದಲ್ಲೇ ಉದಾಹರಣೆಯಿದೆ. ಶಾಂಘೈನ ಮಿಂಗ್‌ಶಿಂಗ್ ಸಂಸ್ಥೆ 1928ರಿಂದ 1931ರವರೆಗೆ 18 ಭಾಗಗಳಲ್ಲಿ ತೆರೆಗೆ ತಂದ ‘ದಿ ಬರ್ನಿಂಗ್ ಆಫ್ ದಿ ರೆಡ್ ಲೋಟಸ್ ಟೆಂಪಲ್’, ವುಶಿಯಾ ಚಿತ್ರಗಳ, ಅಂದರೆ ನ್ಯಾಯಕ್ಕಾಗಿ ಹೋರಾಡುವ ಖಡ್ಗವೀರರ ಕಥೆಗಳ, ದೊಡ್ಡ ಅಲೆಯನ್ನೇ ಎಬ್ಬಿಸಿತು. ಇಂಥ ಚಿತ್ರಗಳು ಮೂಢನಂಬಿಕೆಯನ್ನು ಬೆಳೆಸುತ್ತವೆಂದು ಅಂದಿನ ಚೀನಾ ಸರ್ಕಾರ ಅವುಗಳನ್ನು ನಿಷೇಧಿಸಿತು. ಆ ಚಿತ್ರಮಾಲೆ ಇಂದು ನೋಡಲು ಸಿಗುವುದಿಲ್ಲ. ಮುಂದೆ ಹಾಂಗ್‌ಕಾಂಗ್‌ನಲ್ಲಿ 1949ರಲ್ಲಿ ಮೊದಲಾದ ವಾಂಗ್ ಫೇಹುಂಗ್ ಸರಣಿಯು, ವೈದ್ಯನೂ ಗರಡಿಯ ಗುರುವೂ ಆಗಿದ್ದ ಒಬ್ಬ ಚಾರಿತ್ರಿಕ ವ್ಯಕ್ತಿಯ ಪಾತ್ರದಲ್ಲಿ ನಟ ಕ್ವಾನ್ ತಕ್‌ಹಿಂಗ್ ಅವರನ್ನು ನೆಲೆಗೊಳಿಸಿ, ದಕ್ಷಿಣ ಚೀನಾದ ನಿಜವಾದ ವರಸೆಗಳಿಗೆ ತೆರೆಯ ಮೇಲೆ ಸ್ಥಾನ ಕೊಟ್ಟಿತು.

ಹಾಂಗ್‌ಕಾಂಗ್‌ನ ಕ್ಲಿಯರ್‌ವಾಟರ್ ಬೇಯಲ್ಲಿ ವಿಶಾಲವಾದ ಸ್ಟುಡಿಯೊ ಕಟ್ಟಿದ ಶಾ ಬ್ರದರ್ಸ್ ಮತ್ತು 1970ರಲ್ಲಿ ಸ್ಥಾಪನೆಯಾದ ಗೋಲ್ಡನ್ ಹಾರ್ವೆಸ್ಟ್ ಸಂಸ್ಥೆಗಳು ಈ ಚಿತ್ರಗಳನ್ನು ಲೋಕವ್ಯಾಪಿಯಾಗಿಸಿದವು; ಆದರೆ ದೇಶದಿಂದ ದೇಶಕ್ಕೆ ಸಾಗುವಾಗ ಅವುಗಳ ಗುರುತೇ ಕಲಸಿಹೋಯಿತು. ಬ್ರೂಸ್ ಲೀ ನಟಿಸಿದ 1971ರ ‘ದಿ ಬಿಗ್ ಬಾಸ್’ ಅಮೆರಿಕದಲ್ಲಿ ‘ಫಿಸ್ಟ್ಸ್ ಆಫ್ ಫ್ಯೂರಿ’ ಎಂದೂ, 1972ರ ‘ಫಿಸ್ಟ್ ಆಫ್ ಫ್ಯೂರಿ’ ಅಲ್ಲಿ ‘ದಿ ಚೈನೀಸ್ ಕನೆಕ್ಷನ್’ ಎಂದೂ ಬಿಡುಗಡೆಯಾದವು. ‘ಕಿಂಗ್ ಬಾಕ್ಸರ್’ ಚಿತ್ರಕ್ಕೆ ‘ಫೈವ್ ಫಿಂಗರ್ಸ್ ಆಫ್ ಡೆತ್’ ಎಂಬ ಹೊಸ ಹೆಸರು ಬಂತು. ನಿರ್ದೇಶಕ ಲಾವ್ ಕಾರ್‌ಲ್ಯೂಂಗ್ ಅವರ ಹೆಸರು ಕ್ಯಾಂಟೊನೀಸ್ ಉಚ್ಚಾರದಲ್ಲಿ ಹೀಗಿದ್ದರೆ, ಮ್ಯಾಂಡರಿನ್ ಉಚ್ಚಾರದಲ್ಲಿ ಲಿಯು ಚಿಯಾಲಿಯಾಂಗ್ ಎಂದಾಗುತ್ತದೆ. 1973ರಲ್ಲಿ ಬ್ರೂಸ್ ಲೀ ತೀರಿಕೊಂಡ ಮೇಲೆ ಬ್ರೂಸ್ ಲೈ, ಬ್ರೂಸ್ ಲೆ ಮುಂತಾದ ಹೆಸರಿನ ನಟರನ್ನಿಟ್ಟು ತೆಗೆದ ಚಿತ್ರಗಳು ಈ ಗೊಂದಲವನ್ನು ಇಮ್ಮಡಿಸಿದವು. ಒಂದೇ ಚಿತ್ರದ ಹಲವು ಹೆಸರುಗಳನ್ನೂ ಒಬ್ಬನೇ ಕಲಾವಿದನ ಹಲವು ಕಾಗುಣಿತಗಳನ್ನೂ ಒಂದೆಡೆ ಜೋಡಿಸುವುದು ಅಭಿಮಾನಿಗಳ ಸಂಶೋಧನೆಯ ಮೊದಲ ಕರ್ತವ್ಯವಾದದ್ದು ಈ ಕಾರಣದಿಂದ.

ಹೆಸರಿನಷ್ಟೇ ಚಿತ್ರದ ರೂಪಕ್ಕೂ ಪೆಟ್ಟು ಬಿತ್ತು. ಅಗಲ ತೆರೆಗೆಂದು ಚಿತ್ರಿಸಿದ ದೃಶ್ಯಗಳನ್ನು ಅಂದಿನ ಟಿವಿ ಪರದೆಗೆ ಹೊಂದಿಸಲು ಎರಡೂ ಅಂಚುಗಳನ್ನು ಕತ್ತರಿಸಿದಾಗ, ಎದುರುಬದುರು ನಿಂತ ಇಬ್ಬರು ಕಾದಾಳುಗಳಲ್ಲಿ ಒಬ್ಬನು ಚೌಕಟ್ಟಿನಿಂದ ಹೊರಗುಳಿಯುತ್ತಿದ್ದನು. ಪ್ರತಿಯಿಂದ ಪ್ರತಿ ತೆಗೆದ ವಿಡಿಯೊ ಕ್ಯಾಸೆಟ್‌ಗಳಲ್ಲಿ ಉಳಿದ ವಿವರಗಳೂ ಮಸುಕಾಗುತ್ತಿದ್ದವು. ಕುಂಗ್‌ಫೂ ಚಿತ್ರದಲ್ಲಿ ಇದು ಸಣ್ಣ ನಷ್ಟವಲ್ಲ. ಅಲ್ಲಿ ಅರ್ಥವು ಮಾತಿಗಿಂತ ಹೆಚ್ಚಾಗಿ ದೇಹದ ಚಲನೆಯಲ್ಲಿರುತ್ತದೆ. ವಾಂಗ್ ಫೇಹುಂಗ್ ಅವರ ಶಿಷ್ಯ ಲಾಮ್ ಸೈವಿಂಗ್, ಅವರ ಶಿಷ್ಯ ಲಾವ್ ಚಾಮ್, ಅವರ ಮಗನೇ ಲಾವ್ ಕಾರ್‌ಲ್ಯೂಂಗ್ ಎಂಬ ಪರಂಪರೆಯನ್ನು ಅರಿತವರಿಗೆ, ಕುಂಗ್‌ಫೂ ಕಲಿಯಲು ಮಠ ಸೇರಿದ ತರುಣನ ಕಠಿಣ ತರಬೇತಿಯನ್ನೇ ಕಥೆಯ ತಿರುಳಾಗಿಸಿಕೊಂಡ 1978ರ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’, ಗುರುಶಿಷ್ಯರ ನಡುವೆ ಕೈದಾಟಿ ಬಂದ ವಿದ್ಯೆಯ ದಾಖಲೆಯಾಗಿಯೂ ಕಾಣುತ್ತದೆ. ಆದ್ದರಿಂದಲೇ ಸಾಹಸ ಸಂಯೋಜಕರು ಯಾರು, ಅವರು ಯಾವ ವರಸೆಯಲ್ಲಿ ಪಳಗಿದವರು, ಹೊಡೆತ ತಿಂದು ಬೀಳುವ ಸಹನಟರು ಯಾರು ಎಂಬ ವಿವರಗಳನ್ನು ಅಭಿಮಾನಿಗಳು ಅಷ್ಟೊಂದು ಶ್ರದ್ಧೆಯಿಂದ ದಾಖಲಿಸಿದರು.

ಸಂಸ್ಥೆಗಳೂ ಸುಮ್ಮನೆ ಕೂರಲಿಲ್ಲ. ಹಾಂಗ್‌ಕಾಂಗ್ ಅಂತಾರಾಷ್ಟ್ರೀಯ ಚಿತ್ರೋತ್ಸವವು 1980ರಲ್ಲೇ ಈ ಪ್ರಕಾರದ ಸಿಂಹಾವಲೋಕನವನ್ನೂ ಅಧ್ಯಯನ ಗ್ರಂಥವನ್ನೂ ಸಿದ್ಧಪಡಿಸಿತು. ಸಾಯ್ ವಾನ್ ಹೋದಲ್ಲಿ ಹಾಂಗ್‌ಕಾಂಗ್ ಫಿಲ್ಮ್ ಆರ್ಕೈವ್‌ನ ಕಟ್ಟಡ 2001ರಲ್ಲಿ ತೆರೆಯಿತು. ಶಾ ಬ್ರದರ್ಸ್‌ನ 700ಕ್ಕೂ ಹೆಚ್ಚು ಚಿತ್ರಗಳ ಹಕ್ಕು ಪಡೆದ ಸೆಲೆಸ್ಟಿಯಲ್ ಪಿಕ್ಚರ್ಸ್, 2002ರಿಂದ ಅವನ್ನು ಸಂಸ್ಕರಿಸಿ ಡಿವಿಡಿ ರೂಪದಲ್ಲಿ ಹೊರತಂದಿತು. ಆಗಲೂ ಅಭಿಮಾನಿಗಳ ಕೆಲಸ ಮುಗಿಯಲಿಲ್ಲ: ಮೂಲ ಧ್ವನಿಪಥಕ್ಕೆ ಹೊಸ ಸದ್ದುಗಳನ್ನು ಸೇರಿಸಿದ್ದನ್ನು ಗುರುತಿಸಿ ಆಕ್ಷೇಪಿಸಿದವರು, ಹಳೆಯ ಪ್ರತಿಗಳನ್ನು ಜತನದಿಂದ ಕಾದಿಟ್ಟುಕೊಂಡಿದ್ದ ಪ್ರೇಕ್ಷಕರೇ.

ಅಭಿಮಾನಿಗಳ ಇಂಥ ಬಳಗವೊಂದು ಕಟ್ಟುವ ಮಾಹಿತಿ ಭಂಡಾರವು ನಂಬಿಕೆಗೆ ಅರ್ಹವಾಗಬೇಕಾದರೆ ಕೆಲವು ಶಿಸ್ತುಗಳು ಅನಿವಾರ್ಯ. ಪ್ರತಿ ಚಿತ್ರಕ್ಕೂ ಮೂಲ ಚೀನೀ ಶೀರ್ಷಿಕೆಯನ್ನೇ ಆಧಾರವಾಗಿಟ್ಟು ಉಳಿದ ಹೆಸರುಗಳನ್ನು ಅದರಡಿ ಸೇರಿಸಬೇಕು. ತಾನು ನೋಡಿದ ಪ್ರತಿ ಯಾವುದು, ಅದರ ಅವಧಿ ಎಷ್ಟು, ಅದು ಡಬ್ ಆದದ್ದೇ ಎಂಬುದನ್ನು ಬರೆಯುವವನು ತಿಳಿಸಬೇಕು. ದಂತಕಥೆಗೂ ದಾಖಲೆಗೂ ನಡುವಿನ ಗೆರೆ ಅಳಿಸದಂತೆ ನೋಡಿಕೊಳ್ಳಬೇಕು. ಹಿರಿಯರ ತಪ್ಪನ್ನು ಹೊಸಬರು ತಿದ್ದಿದಾಗ ಅದನ್ನು ಗೌರವದಿಂದ ಒಪ್ಪಿಕೊಳ್ಳಬೇಕು. ಪ್ರೀತಿಯು ಈ ಶಿಸ್ತನ್ನು ಒಪ್ಪಿಕೊಂಡಾಗ ಅಭಿಮಾನಿ ವಿದ್ವಾಂಸನ ಸಹೋದ್ಯೋಗಿಯಾಗುತ್ತಾನೆ. ಜನಪ್ರಿಯವೆಂಬ ಕಾರಣಕ್ಕೇ ಕಡೆಗಣನೆಗೆ ಗುರಿಯಾದ ಯಾವುದೇ ಕಲೆಗೆ ಅಂಥ ಸಹೋದ್ಯೋಗಿಗಳ ಅಗತ್ಯವಿದೆ.