ಮಾರುಕಟ್ಟೆಗೆ ಬಾರದ ಹೂಗಳು

ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರಕ್ಕೆ ಕೋಳಿ ಕೂಗುವ ಮುನ್ನವೇ ಬೆಳಗಾಗುತ್ತದೆ. ಸುತ್ತಣ ಹಳ್ಳಿಗಳಿಂದ ಚೀಲಚೀಲಗಳಲ್ಲಿ ಬಂದಿಳಿಯುವ ಸೇವಂತಿಗೆ, ಗುಲಾಬಿ, ಚೆಂಡುಹೂಗಳ ರಾಶಿಯನ್ನು ಕಂಡವರಿಗೆ, ಒಂದೂ ಜೀವನದಿಯಿಲ್ಲದ ಈ ಕಲ್ಲುನಾಡು ಇಷ್ಟೊಂದು ಬಣ್ಣವನ್ನು ಎಲ್ಲಿ ಅಡಗಿಸಿಟ್ಟಿತ್ತೆಂದು ಬೆರಗಾಗದಿರದು. ದೇವರ ಪೂಜೆಗೂ ಮದುವೆಯ ಚಪ್ಪರಕ್ಕೂ ಹೆಂಗಳೆಯರ ಮುಡಿಗೂ ಇಲ್ಲಿಂದ ಹೂ ಹೋಗುತ್ತದೆ. ರೈತನ ಮನೆಯ ದೀಪ ಉರಿಯುವುದೂ ಇದರಿಂದಲೇ.

ಆದರೆ ಈ ರಾಶಿಯಲ್ಲಿ ಬಹುಪಾಲು ಹೂಗಳು ಈ ನಾಡಿಗೆ ಬಂದ ಅತಿಥಿಗಳು. ಸೇವಂತಿಗೆಯ ತವರು ಚೀನಾ ದೇಶದ ಕಡೆಯದು. ಚೆಂಡುಹೂವಿನದು ಕಡಲಾಚೆಯ ಮೆಕ್ಸಿಕೊ. ಅವು ಕೊಳವೆಬಾವಿಯ ನೀರನ್ನೂ ಗೊಬ್ಬರವನ್ನೂ ಔಷಧದ ಸಿಂಪರಣೆಯನ್ನೂ ಬೇಡುತ್ತವೆ. ಯಾರೂ ಬಿತ್ತದೆ, ಯಾರೂ ನೀರೆರೆಯದೆ, ಒಂದೆರಡು ಹದಮಳೆಯನ್ನೇ ನಂಬಿ ಅರಳುವ ಇನ್ನೊಂದು ಪುಷ್ಪಕುಲವೂ ಈ ಸೀಮೆಯಲ್ಲಿ ಉಂಟು. ಅದು ಮಾರುಕಟ್ಟೆಗೆ ಬಾರದು. ಅದಕ್ಕೆ ಬೆಲೆ ಕಟ್ಟುವವರಿಲ್ಲ. ಬೆಲೆಯಿಲ್ಲದ ಕಾರಣದಿಂದಲೇ ಅದು ಇಂದು ಅಪಾಯದ ಅಂಚಿನಲ್ಲಿ ನಿಂತಿದೆ.

ಕಲ್ಲುನಾಡಿನ ಪುಷ್ಪಸಂಪತ್ತು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಹೊಸ ಜಿಲ್ಲೆಯ ಭಾಗಗಳಾದವು. ಜಿಲ್ಲೆ ಹೊಸದಾದರೂ ನೆಲ ಹಳೆಯದು. ಸಮುದ್ರಮಟ್ಟದಿಂದ 1,478 ಮೀಟರು ಎತ್ತರದ ನಂದಿಬೆಟ್ಟ, ಅದರ ನೆರೆಯ ಸ್ಕಂದಗಿರಿ, ಚಿಂತಾಮಣಿಯ ಕಡೆಯ ಕೈವಾರ ಮತ್ತು ಅಂಬಾಜಿದುರ್ಗ, ಇವುಗಳ ನಡುವೆ ಹರಡಿರುವ ಬೋಳುಗುಡ್ಡಗಳು: ಮೇಲ್ನೋಟಕ್ಕೆ ಎಲ್ಲವೂ ಬರಿಯ ಬಂಡೆ. ಮುಂಗಾರು ಹಿಡಿದ ಮೇಲೆ ಅದೇ ಬಂಡೆಯ ಬಿರುಕಿನಲ್ಲಿ, ಗೋಮಾಳದ ಹುಲ್ಲಿನಲ್ಲಿ, ಹೊಲದ ಬದುವಿನಲ್ಲಿ ಬಣ್ಣಗಳು ಒಂದೊಂದಾಗಿ ಕಣ್ದೆರೆಯುತ್ತವೆ.

ಬೇಲಿಯ ಮೇಲೆ ಹೊಂಬಣ್ಣದ ತಂಗಡಿ. ಬದುವಿನ ಮೇಲೆ ಶಿವನಿಗೆ ಪ್ರಿಯವೆಂದು ಹೆಸರಾದ ಬಿಳಿಯ ತುಂಬೆ. ಹುಲ್ಲಿನ ನಡುವೆ ನೆಲಕ್ಕಂಟಿ ನೀಲಿಯಾಗಿ ನಗುವ ವಿಷ್ಣುಕ್ರಾಂತಿ. ಪೊದೆಯನ್ನು ಹಬ್ಬಿ ಏರುವ ಶಂಖಪುಷ್ಪ. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿದ ಮುತ್ತುಗ ಕೆಂಡವಾಗಿ ನಿಂತರೆ, ಬೇಸಗೆಯ ಉರಿಯಲ್ಲಿ ಕಕ್ಕೆಯ ಗೊಂಚಲುಗಳು ಹಳದಿಯ ತೋರಣ ಕಟ್ಟುತ್ತವೆ. ಭಾದ್ರಪದದ ಗೌರಿಹಬ್ಬದ ಹೊತ್ತಿಗೆ ಅರಳುವ ಅಗ್ನಿಶಿಖೆಯನ್ನು ಜನ ಗೌರಿಹೂವೆಂದೇ ಕರೆಯುತ್ತಾರೆ. ಹಸುರು ಹಳದಿಯಾಗಿ ತೆರೆದು, ದಿನ ಕಳೆದಂತೆ ಕೆಂಪೇರಿ, ಬೆಂಕಿಯ ನಾಲಗೆಯಂತೆ ಮೇಲ್ಮುಖವಾಗಿ ಬಾಗುವ ಅದರ ಎಸಳುಗಳ ಚೆಲುವಿಗೆ ಸಾಟಿಯಿಲ್ಲ. ಅದರ ಗೆಡ್ಡೆ ಘೋರ ವಿಷ. ಅದರ ಬೀಜದಲ್ಲಿರುವ ಕಾಲ್ಚಿಸಿನ್ ಎಂಬ ದ್ರವ್ಯ ವೈದ್ಯಶಾಸ್ತ್ರಕ್ಕೆ ಬೇಕಾದದ್ದು. ಈ ಬೀಜಕ್ಕಾಗಿ ತಮಿಳುನಾಡಿನಲ್ಲಿ ಇದನ್ನು ಬೇಸಾಯ ಮಾಡುತ್ತಾರೆ. ನಾಟಿಗೆ ಬೇಕಾದ ಗೆಡ್ಡೆಗಾಗಿ ಕಾಡನ್ನು ಅಗೆಯುವುದೂ ಉಂಟು.

ಗಣೇಶನ ಪೂಜೆಗೆ ವಿಧಿಸಿರುವ ಇಪ್ಪತ್ತೊಂದು ಪತ್ರೆಗಳನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಗರಿಕೆ, ಎಕ್ಕ, ಉಮ್ಮತ್ತಿ, ಉತ್ತರಣೆ, ಲಕ್ಕಿ, ಬನ್ನಿ, ವಿಷ್ಣುಕ್ರಾಂತಿ: ಇವೆಲ್ಲ ತೋಟದ ಗಿಡಗಳಲ್ಲ, ಬೀಳುಭೂಮಿಯ ಗಿಡಗಳು. ವರ್ಷಕ್ಕೊಮ್ಮೆಯಾದರೂ ಮಕ್ಕಳು ಬಯಲಿಗೆ ಹೋಗಿ ಇವುಗಳನ್ನು ಹೆಸರಿಟ್ಟು ಗುರುತಿಸಲೆಂದು ಹಿರಿಯರು ಮಾಡಿದ ಏರ್ಪಾಡೋ ಎಂಬಂತಿದೆ ಈ ಪದ್ಧತಿ. ಇಂದು ಪತ್ರೆಯ ಕಟ್ಟು ಅಂಗಡಿಯಲ್ಲಿ ಸಿಕ್ಕುತ್ತದೆ. ಗುರುತು ಮಾತ್ರ ಸಿಕ್ಕುವುದಿಲ್ಲ.

ದುಂಬಿಯ ಋಣ

ಕಾಡುಹೂವಿನಿಂದ ಕಣ್ಣಿಗೆ ತಂಪು ಎಂಬುದಷ್ಟೇ ಲಾಭವಾದರೆ, ಅದರ ರಕ್ಷಣೆ ಉಂಡು ತಣಿದವರ ವಿಲಾಸವೆಂದು ಯಾರಾದರೂ ಹೇಳಿಯಾರು. ಸಂಗತಿ ಹಾಗಿಲ್ಲ. ತಂಗಡಿಯ ಹೂವಿನಲ್ಲಿ ಮಕರಂದವಿಲ್ಲ. ಅದರ ಪರಾಗಕೋಶಗಳು ಉದ್ದಕ್ಕೂ ಬಿರಿಯದೆ ತುದಿಯಲ್ಲಿ ಸಣ್ಣ ರಂಧ್ರಗಳನ್ನು ಮಾತ್ರ ಪಡೆದಿರುತ್ತವೆ. ಮರ ಕೊರೆದು ಗೂಡು ಕಟ್ಟುವ ದೊಡ್ಡ ಕಪ್ಪು ದುಂಬಿ ಹೂವನ್ನು ಬಿಗಿಹಿಡಿದು ಮೈನಡುಗಿಸಿ ಗುಂಯ್ಗುಟ್ಟಿದಾಗ, ಉಪ್ಪಿನ ಡಬ್ಬಿ ಅಲುಗಿಸಿದಂತೆ, ಪರಾಗ ಉದುರುತ್ತದೆ.

ಚಿಂತಾಮಣಿಯ ಸೀಮೆಯ ರೈತ ಬೆಳೆಯುವ ಟೊಮ್ಯಾಟೊ ಮತ್ತು ಬದನೆಯ ಹೂಗಳ ರಚನೆಯೂ ಇದೇ ಬಗೆಯದು. ದುಂಬಿಯ ಈ ಝೇಂಕಾರದಿಂದ ಅವುಗಳಲ್ಲಿ ಕಾಯಿ ಕಚ್ಚುವುದು ಹೆಚ್ಚುತ್ತದೆ. ಹೊಲದಲ್ಲಿ ಬೆಳೆಯಿಲ್ಲದ ತಿಂಗಳುಗಳಲ್ಲಿ ಆ ದುಂಬಿಗೆ ಅನ್ನವಿಕ್ಕುವವರು ಯಾರು? ಬದುವಿನ ತಂಗಡಿ, ಬೇಲಿಯ ಎಕ್ಕ, ಗುಡ್ಡದ ಕಕ್ಕೆ. ಬದುವನ್ನು ಕಳೆನಾಶಕ ಸಿಂಪಡಿಸಿ ಬೋಳಿಸಿದ ದಿನ ದುಂಬಿಯ ಉಗ್ರಾಣಕ್ಕೆ ಬೀಗ ಬೀಳುತ್ತದೆ. ಗುಡ್ಡದ ಕುರುಚಲಿಗೂ ತನ್ನದೇ ಒಕ್ಕಲುಂಟು. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಹೊರತು ಜಗತ್ತಿನ ಬೇರಾವ ಕಡೆಯೂ ಕಾಣಸಿಗದ ಹಳದಿ ಕೊರಳಿನ ಪಿಕಳಾರ ಹಕ್ಕಿ ನಂದಿಯ ಬಂಡೆಗಳ ನಡುವಣ ಪೊದೆಗಳಲ್ಲಿ ಬಾಳುತ್ತದೆ. ಅಳಿವಿನ ಭೀತಿಯುಳ್ಳ ಹಕ್ಕಿಗಳ ಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ.

ಹಸುರೇ ಹಗೆಯಾದಾಗ

ಕಾಡುಹೂವಿನ ಹಗೆಗಳಲ್ಲಿ ಕೆಲವು ಎಲ್ಲರ ಕಣ್ಣಿಗೂ ಬೀಳುವಂಥವು: ಕಲ್ಲುಗಣಿ, ಬಡಾವಣೆ, ಬೇಸಗೆಯ ಕಿಚ್ಚು. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗುರುತಿಸಲ್ಪಟ್ಟ ಪಾರ್ಥೇನಿಯಂ ಕಳೆ ರಸ್ತೆಯ ಬದಿಗಳನ್ನೆಲ್ಲ ಆಕ್ರಮಿಸಿತು. ಅದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಕಳೆ ಪೂರ್ತಿಯಾಗಿ ತೊಲಗಲಿಲ್ಲ. ಆದರೆ ಇವೆಲ್ಲಕ್ಕಿಂತ ಸೂಕ್ಷ್ಮವಾದ ಇನ್ನೊಂದು ಹಗೆಯುಂಟು. ಅದು ಸದುದ್ದೇಶದ ವೇಷದಲ್ಲಿ ಬರುತ್ತದೆ.

ಭಾರತಕ್ಕೆ ನೀಲಗಿರಿ ಮರ ಮೊದಲು ಬಂದದ್ದು ಈ ಸೀಮೆಗೇ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನು ಆಸ್ಟ್ರೇಲಿಯದ ಬೀಜಗಳನ್ನು ತರಿಸಿ ನಂದಿಬೆಟ್ಟದ ಅರಮನೆಯ ತೋಟದಲ್ಲಿ ಬೆಳೆಸಿದನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಅರಸನ ತೋಟದ ಆ ಕೌತುಕ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೀಳುಭೂಮಿಗೆ ಇಳಿಯಿತು. ಕಾಗದದ ಕಾರ್ಖಾನೆಗೆ ತಿರುಳು, ಸರ್ಕಾರಕ್ಕೆ ವನಮಹೋತ್ಸವದ ಲೆಕ್ಕ, ಒಡೆಯನಿಗೆ ಆರೈಕೆಯಿಲ್ಲದ ಆದಾಯ, ಯಾರಿಗೂ ಬೇಸರವಿಲ್ಲ. ಬೋಳುನೆಲಕ್ಕೆ ಹಸುರು ಬಂದಿತೆಂದು ಎಲ್ಲರೂ ಹಿಗ್ಗಿದರು. ಆ ಮರಗಳ ಅಡಿಯಲ್ಲಿ ಹುಲ್ಲೂ ಹೂವೂ ಏಳದಿದ್ದುದು ದನ ಮೇಯಿಸುವವರ ಅರಿವಿಗೆ ಮೊದಲು ಬಂತು. 1983ರ ಆಗಸ್ಟಿನಲ್ಲಿ ನೆರೆಯ ತುಮಕೂರು ಜಿಲ್ಲೆಯ ರೈತರು ನೀಲಗಿರಿಯ ಸಸಿಗಳನ್ನು ಕಿತ್ತೆಸೆದು, ಆ ಜಾಗದಲ್ಲಿ ಹುಣಿಸೆ ಮಾವುಗಳ ಬೀಜವನ್ನೂರಿದರು. ಕಡೆಗೆ 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ಇದರಿಂದ ಕಲಿಯಬೇಕಾದುದು ನೀಲಗಿರಿಯ ದೋಷವೊಂದನ್ನೇ ಅಲ್ಲ. ಬಯಲಿಗೆ ಬಯಲೇ ಸಹಜವಾದ ರೂಪ. ಬಿಸಿಲನ್ನು ಬಯಸುವ ವಿಷ್ಣುಕ್ರಾಂತಿಗೆ ಯಾವ ಮರದ ದಟ್ಟ ನೆರಳಾದರೂ ಮರಣಶಾಸನವೇ.

ಹೆಸರಘಟ್ಟದ ಪಾಠ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಜಾಡನ್ನು ಹಿಡಿದು ತೆಂಕಣಕ್ಕೆ ಹೋದರೆ ಹೆಸರಘಟ್ಟದ ಕೆರೆ ಸಿಕ್ಕುತ್ತದೆ. 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಸಿದ್ಧವಾದ ಕೆರೆಯದು. ಅದರ ಬಳಿ ವಿಶಾಲವಾದ ಹುಲ್ಲುಗಾವಲೊಂದು ಉಳಿದುಬಂದಿದೆ. ಮಳೆಗಾಲದಲ್ಲಿ ಅಲ್ಲಿ ಪುಟ್ಟ ಹೂಗಳ ಜಾತ್ರೆ. ಚಳಿಗಾಲದಲ್ಲಿ ದೂರದೇಶದ ಸೆಳೆವ ಹಕ್ಕಿಗಳು ಹುಲ್ಲಿನ ಮೇಲೆ ತೇಲುತ್ತ ಬೇಟೆಯಾಡುತ್ತವೆ.

ಈ ಬಯಲಿನಲ್ಲಿ ಗುಂಡಿ ತೋಡಿ ಸಸಿ ನೆಡುವ ಕಾರ್ಯ ಆರಂಭವಾದಾಗ ವಿಚಿತ್ರವೊಂದು ಜರುಗಿತು. ಅದನ್ನು ತಡೆಯಲು 2013ರ ಸುಮಾರಿಗೆ ಹೈಕೋರ್ಟಿನ ಮೆಟ್ಟಿಲನ್ನೇರಿದವರು ಮರದ ವೈರಿಗಳಲ್ಲ, ನಿಸರ್ಗಪ್ರೇಮಿಗಳು! ಹಕ್ಕಿ ಹೂಗಳ ಚಿತ್ರ ತೆಗೆಯುವವರು, ಸಸ್ಯಗಳನ್ನು ಬಲ್ಲವರು, ಸುತ್ತಲಿನ ನಿವಾಸಿಗಳು ವರ್ಷಗಟ್ಟಲೆ ಆ ನೆಲದ ಜೀವಗಳನ್ನು ಗುರುತಿಸಿ ಪಟ್ಟಿ ಮಾಡಿ, ಇದು ಬಂಜರಲ್ಲ, ತುಂಬಿದ ಮನೆ ಎಂದು ವಾದಿಸಿದರು. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಲಿಯು ರಕ್ಷಣೆಯ ಪ್ರಸ್ತಾವವನ್ನು ತಳ್ಳಿಹಾಕಿತು. ಅವರು ಕೈಚೆಲ್ಲಲಿಲ್ಲ, ಮತ್ತೆ ನ್ಯಾಯಾಲಯದ ಮುಂದೆ ನಿಂತರು. 2024ರ ಅಕ್ಟೋಬರಿನಲ್ಲಿ ಅದೇ ಮಂಡಲಿಯು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿಗೆಯಿತ್ತಿತು.

ಹೂವನ್ನು ಕಾಯುವ ಬಗೆ ಯಾವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಅವರು ಗಿಡವನ್ನು ಕಿತ್ತು ಕುಂಡದಲ್ಲಿ ನೆಡಲಿಲ್ಲ. ಬೇಲಿ ಕಟ್ಟಿ ಉದ್ಯಾನವನ್ನೂ ಮಾಡಲಿಲ್ಲ. ಗುರುತಿಸಿದರು, ಬರೆದಿಟ್ಟರು, ನೆಲವನ್ನು ನೆಲವಾಗಿಯೇ ಬಿಡಿರೆಂದು ಪಟ್ಟು ಹಿಡಿದರು.

ಖರಾಬಿನ ಭಾಗ್ಯ

ಕಂದಾಯದ ದಾಖಲೆಗಳಲ್ಲಿ ಉಳುಮೆಗೆ ಒದಗದ ನೆಲಕ್ಕೆ ಖರಾಬು ಎಂದು ಹೆಸರು. ಕಾಡುಹೂವಿನ ಪಾಲಿಗೆ ಖರಾಬೇ ಭಾಗ್ಯ. ಬಂಡೆ, ಹಳ್ಳದ ದಡ, ಕೆರೆಯಂಗಳ, ಗುಂಡುತೋಪು, ಗೋಮಾಳಗಳಲ್ಲಿ ನೇಗಿಲು ತಾಗದ್ದರಿಂದಲೇ ಗೆಡ್ಡೆಗಳೂ ಬೀಜಗಳೂ ಉಳಿದುಬಂದಿವೆ. ಪ್ರತಿ ನೂರು ದನಗಳಿಗೆ 12 ಹೆಕ್ಟೇರಿನಷ್ಟು ಗೋಮಾಳವನ್ನು ಬಿಡಬೇಕೆಂದು ರಾಜ್ಯದ ಭೂಕಂದಾಯ ನಿಯಮಗಳು ವಿಧಿಸುತ್ತವೆ. ಹಳ್ಳಿಯ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ಮಾಡಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು.

ಇನ್ನೂ ಹತ್ತಿರದ ಸಾಧನವೊಂದುಂಟು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಪುರಸಭೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ತನ್ನ ಎಲ್ಲೆಯೊಳಗಣ ಗಿಡ ಮರ ಪ್ರಾಣಿ ಪಕ್ಷಿಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ಜನತಾ ದಾಖಲೆಯಲ್ಲಿ ಬರೆದಿಡಬೇಕು. ಅದೇ ಕಾಯಿದೆಯ ಬಲದಿಂದ, ನೆರೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಪುರಾತನ ಹುಣಿಸೆತೋಪು 2007ರಲ್ಲಿ ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ನಲ್ಲೂರಿಗೆ ದೊರೆತ ಮನ್ನಣೆ ಕೈವಾರದ ಗುಡ್ಡಕ್ಕೋ ಶಿಡ್ಲಘಟ್ಟದ ಗೋಮಾಳಕ್ಕೋ ದೊರೆಯಬಾರದೆಂದು ಯಾವ ಶಾಸನವೂ ಹೇಳುವುದಿಲ್ಲ. ಆದರೆ ಮನ್ನಣೆಗೆ ಮೊದಲು ಪಟ್ಟಿ ಬೇಕು. ಪಟ್ಟಿಗೆ ಮೊದಲು ಗುರುತು ಬೇಕು.

ಗುರುತಿಸುವ ವಿದ್ಯೆಗೆ ಕನ್ನಡ ನಾಡಿನಲ್ಲಿ ಹಿರಿಯ ಪರಂಪರೆಯಿದೆ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ಮನೆಮಾತಾಗಿಸಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಬೆಂಗಳೂರಿನ ಫಾದರ್ ಸೆಸಿಲ್ ಸಾಲ್ಡಾನಾ ಅವರು ರಾಜ್ಯದ ಸಸ್ಯಸಂಪತ್ತಿನ ಬೃಹತ್ ಗ್ರಂಥದ ಮೊದಲ ಸಂಪುಟವನ್ನು 1984ರಲ್ಲಿ ಹೊರತಂದರು. ಇಂಥ ಪಂಡಿತರಿಗೂ ಮೊದಲ ಗುರುಗಳೆಂದರೆ ದನಗಾಹಿಗಳು, ನಾಟಿವೈದ್ಯರು, ಸೊಪ್ಪು ಆಯುವ ಅಜ್ಜಿಯರು. ಅವರ ನಾಲಗೆಯ ಮೇಲಿರುವ ಹೆಸರುಗಳು ಅವರೊಡನೆಯೇ ಮರೆಯಾಗುವ ಮುನ್ನ ಪಂಚಾಯಿತಿಯ ದಾಖಲೆಗೆ ಬರಬೇಕಾಗಿದೆ. ತೆಲುಗು ಕನ್ನಡಗಳೆರಡೂ ಬೆರೆತ ಈ ಗಡಿಸೀಮೆಯಲ್ಲಿ ಒಂದೇ ಗಿಡ ತಂಗಡಿಯೂ ಹೌದು, ತಂಗೇಡುವೂ ಹೌದು. ಎರಡನ್ನೂ ಬರೆದುಕೊಳ್ಳುವುದರಲ್ಲಿ ನಷ್ಟವೇನು?

ನಗರವಾಸಿಗಳಾದ ವಾಚಕರಿಗೂ ಇಲ್ಲಿ ಕೆಲಸವುಂಟು. ಸೂರ್ಯೋದಯ ನೋಡಲು ನಂದಿಗೋ ಸ್ಕಂದಗಿರಿಗೋ ಹೋದಾಗ ದಾರಿಬಿಟ್ಟು ಹುಲ್ಲನ್ನು ತುಳಿಯದಿರುವುದು, ಚೆಲುವಾಗಿದೆಯೆಂದು ಗೆಡ್ಡೆಸಹಿತ ಕೀಳದಿರುವುದು, ಮಕ್ಕಳಿಗೆ ನಾಲ್ಕಾರು ಹೂಗಳ ಹೆಸರನ್ನಾದರೂ ಕಲಿಸುವುದು. ಮತ್ತು ಬೋಳುಗುಡ್ಡವೊಂದನ್ನು ಕಂಡಕೂಡಲೆ ಅಲ್ಲಿ ಸಸಿ ನೆಡುವ ಉತ್ಸಾಹಕ್ಕೆ ಒಳಗಾಗುವ ಮುನ್ನ, ಈಗಾಗಲೇ ಅಲ್ಲಿ ಏನೇನು ಬೆಳೆದಿದೆಯೆಂದು ಒಂದು ಮಳೆಗಾಲ ಕಾದು ನೋಡುವುದು.

ಗೌರಿಹೂವಿನ ಬಳ್ಳಿ ಮಳೆಗಾಲ ಮುಗಿದೊಡನೆ ಒಣಗಿ ಮಾಯವಾಗುತ್ತದೆ. ಆಮೇಲೆ ಬಂದು ನೋಡಿದವನಿಗೆ ಅಲ್ಲಿ ಕಲ್ಲು ಮಣ್ಣುಗಳ ಹೊರತು ಏನೂ ಕಾಣದು. ಈ ನೆಲ ಯಾತಕ್ಕೂ ಬಾರದೆಂದು ಆತ ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಗೆಡ್ಡೆಯಾದರೋ ಬೇಸಗೆಯುದ್ದಕ್ಕೂ ಮಣ್ಣಿನಡಿಯಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಯಂತ್ರದ ಹಲ್ಲು ತಾಗದಿದ್ದರೆ, ಮುಂದಿನ ಗೌರಿಹಬ್ಬಕ್ಕೆ ಯಾರೂ ಕರೆಯದೆಯೇ ಅದು ಮತ್ತೆ ಮೇಲೆದ್ದು ಬರುತ್ತದೆ.